ಟ್ಯಾಪೆಟ್ ಸದ್ದು ಇರಲಿ ಬಿಡಿ

ಹಳೇ ಅಂಬಾಸಿಡರ್ ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಒಂದು ಮಾತು ಬಂದೇ ಬರುತ್ತದೆ. "ನನ್ನ ಗಾಡಿ ನೋಡಿ, ಟ್ಯಾಪೆಟ್ ಸದ್ದೇ ಇಲ್ಲ." ಎಂಜಿನ್ನಿನ ಮೇಲ್ಭಾಗದಿಂದ ಬರುವ ಟಿಕ್ ಟಿಕ್ ಸದ್ದು ಅದು. ಹೇಳುವವರ ಮುಖದಲ್ಲಿ ಹೆಮ್ಮೆ. ಬಾನೆಟ್ ಎತ್ತಿ ಸ್ಟಾರ್ಟ್ ಮಾಡುತ್ತಾರೆ. ಸುತ್ತ ನಿಂತವರು ಬಗ್ಗಿ ಕಿವಿಗೊಟ್ಟು ಕೇಳಿ ತಲೆದೂಗುತ್ತಾರೆ. ನಿಜವಾಗಿಯೂ ಸದ್ದಿರುವುದಿಲ್ಲ. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಟ್ಯಾಪೆಟ್ ಕವರ್ ಬಿಚ್ಚಿ ಫೀಲರ್ ಗೇಜ್ (ಸಣ್ಣ ಸಂದು ಅಳೆಯುವ ತೆಳು ಬ್ಲೇಡುಗಳ ಕಟ್ಟು) ಹಾಕಿ ನೋಡೋಣವಾ ಅಂತ ಕೇಳಬೇಕು ಅನ್ನಿಸುತ್ತದೆ. ಬೇರೆಯವರ ಗಾಡಿ, ಅವರ ಸಂತೋಷದ ಹೊತ್ತು, ಹಾಗಾಗಿ ಎಷ್ಟೋ ಸಲ ಸುಮ್ಮನಿದ್ದುಬಿಡುತ್ತೇನೆ. ಆದರೆ ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್ ಬಗ್ಗೆ. ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ ಸೀರೀಸ್. ಇದೇ ವಂಶದ ಎಂಜಿನ್ ಇಂಗ್ಲೆಂಡಿನ ಎಂಜಿಎ, ಎಂಜಿಬಿ ಕಾರುಗಳಲ್ಲೂ ಇತ್ತು. ಆಮೇಲೆ ಬಂದ ಇಸುಜು ಎಂಜಿನ್ನಿನ ಲೆಕ್ಕ ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ಈ ಹಳೇ ಎಂಜಿನ್ನಿನಲ್ಲಿ ಕ್ಯಾಮ್, ಅಂದರೆ ಉಬ್ಬುಗಳಿರುವ ತಿರುಗುವ ಶಾಫ್ಟ್, ಕೆಳಗೆ ಬ್ಲಾಕಿನಲ್ಲಿದೆ. ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲುಗಳಾದ ವಾಲ್ವ್‌ಗಳು ಮೇಲೆ ಹೆಡ್ಡಿನಲ್ಲಿವೆ. ಕ್ಯಾಮ್ ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು ತಳ್ಳುತ್ತದೆ, ಪುಶ್ ರಾಡ್ ರಾಕರನ್ನು ವಾಲಿಸುತ್ತದೆ, ರಾಕರ್ ವಾಲ್ವನ್ನು ಒತ್ತುತ್ತದೆ. ವಾಲ್ವ್ ಮುಚ್ಚಿರುವಾಗ ರಾಕರಿನ ಮೂತಿಗೂ ವಾಲ್ವ್ ಕಾಂಡದ ತುದಿಗೂ ನಡುವೆ ಸ್ವಲ್ಪ ಜಾಗ ಬಿಡಬೇಕು. ಗ್ಯಾರೇಜಿನ ಭಾಷೆಯಲ್ಲಿ 15 ಥೌ. ಅಂದರೆ ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 15 ಪಾಲು, ಮಿಲಿಮೀಟರಿನಲ್ಲಿ 0.38. ಇಷ್ಟು ಜಾಗ ಸರಿಯಾಗಿ ಬಿಟ್ಟ ಎಂಜಿನ್ ಐಡ್ಲಿಂಗ್‌ನಲ್ಲಿ ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ. ರಾಕರ್ ಆ ಜಾಗವನ್ನು ದಾಟಿ ಬಂದು ಕಾಂಡಕ್ಕೆ ತಾಗುವ ಸದ್ದು ಅದು. ಇರಬೇಕಾದ ಸದ್ದು.

ಆ ಜಾಗ ಯಾಕೆ ಬೇಕು? ಬಿಸಿಗೆ ಲೋಹ ಬೆಳೆಯುತ್ತದೆ ಅನ್ನುವುದು ಅರ್ಧ ಉತ್ತರ. ಉಳಿದ ಅರ್ಧ ನನಗೆ ಅರ್ಥವಾಗಲು ಸುಮಾರು ಕಾಲ ಬೇಕಾಯಿತು. ಎಕ್ಸಾಸ್ಟ್ ವಾಲ್ವಿನ ಕೆಲಸ ನೋಡಿ. ಉರಿದ ಗ್ಯಾಸ್ ಅದರ ಪಕ್ಕದಲ್ಲೇ ಹಾದು ಹೊರಗೆ ಹೋಗುತ್ತದೆ. ಜೋರಾಗಿ ಓಡುವಾಗ ಅದರ ತಲೆ ಕೆಂಪಗೆ ಕಾಯುತ್ತದೆ. ಆ ಬಿಸಿ ಇಳಿಯಲು ಇರುವ ದೊಡ್ಡ ದಾರಿ ಒಂದೇ. ವಾಲ್ವ್ ಮುಚ್ಚಿಕೊಂಡು ಸೀಟಿನ ಮೇಲೆ, ಅಂದರೆ ತಾನು ಮುಚ್ಚುವ ತೂತಿನ ಅಂಚಿನ ಮೇಲೆ, ಕೂತಿರುವ ಅಷ್ಟು ಹೊತ್ತಿನಲ್ಲಿ ಬಿಸಿಯ ಬಹುಪಾಲು ಸೀಟಿಗೆ, ಅಲ್ಲಿಂದ ಹೆಡ್ಡಿನ ನೀರಿಗೆ ಹೋಗಬೇಕು. ಸ್ವಲ್ಪ ಕಾಂಡದ ಮೂಲಕ ಅದು ಜಾರುವ ಕೊಳವೆಯಾದ ಗೈಡಿಗೂ ಹೋಗುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಪ್ರತಿ ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಅಷ್ಟರಲ್ಲೇ ಅದು ತಣಿಯಬೇಕು. ಈಗ ಜಾಗ ಕಮ್ಮಿ ಬಿಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಕಾಂಡ ಬಿಸಿಗೆ ಉದ್ದವಾಗಿ ರಾಕರಿಗೆ ತಾಗುತ್ತದೆ. ಆಮೇಲೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕೂರದಿದ್ದರೆ ಬಿಸಿ ಇಳಿಯುವುದಿಲ್ಲ. ಬಿಸಿ ಇಳಿಯದಿದ್ದರೆ ಕಾಂಡ ಇನ್ನೂ ಉದ್ದವಾಗುತ್ತದೆ. ಸಂದಿನಲ್ಲಿ ಬೆಂಕಿ ನುಗ್ಗಿ ಅಂಚು ಸುಡಲು ಶುರುವಾಗುತ್ತದೆ. ಇಷ್ಟೆಲ್ಲ ನಡೆಯುವಾಗ ಮೇಲೆ ಒಂದು ಚೂರೂ ಸದ್ದಿರುವುದಿಲ್ಲ. ಮೊದಲಿಗಿಂತ ನಿಶ್ಶಬ್ದವಾಗಿಯೇ ಓಡುತ್ತದೆ.

ಸೋಮೇಶ್ವರದಿಂದ ಆಗುಂಬೆಗೆ

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. 90ರ ದಶಕದ ಶುರು. ನಾನು ಕಾಲೇಜಿನಲ್ಲಿದ್ದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಒಂದು ಅಂಬಾಸಿಡರ್ ಮಾರ್ಕ್ 2 ಇತ್ತು. ಆಯುಧಪೂಜೆಗೆ ಮುಂಚೆ ಅದನ್ನು ಹೊಸ ಗ್ಯಾರೇಜ್ ಒಂದಕ್ಕೆ ಬಿಟ್ಟು, "ಟ್ಯಾಪೆಟ್ ಸದ್ದು ಜಾಸ್ತಿ ಇದೆ, ತೆಗೆದುಬಿಡಿ" ಅಂದಿದ್ದರು ಚಿಕ್ಕಪ್ಪ. ಅವರು ತೆಗೆದುಕೊಟ್ಟರು. ಗಾಡಿ ಎಷ್ಟು ಚೆನ್ನಾಗಿ ಆಯಿತು ಅಂತ ಮನೆಗೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಕೆಲವು ತಿಂಗಳು ಸರಿಯಾಗೇ ಓಡಿತು. ಬೇಸಿಗೆಯಲ್ಲಿ ಹೆಬ್ರಿ ಕಡೆ ಒಂದು ಮದುವೆ. ಮುಗಿಸಿಕೊಂಡು ವಾಪಸ್ ಬರುವಾಗ ಗಾಡಿ ತುಂಬ ಜನ, ಡಿಕ್ಕಿ ತುಂಬ ಸಾಮಾನು. ಸೋಮೇಶ್ವರ ಬಿಟ್ಟು ಘಾಟಿ ಹತ್ತತೊಡಗಿದೆವು. ಆಗುಂಬೆ ಘಾಟಿ ಗೊತ್ತಲ್ವಾ, 14 ತಿರುವು, ಮಧ್ಯೆ ಉಸಿರು ಬಿಡಲು ಜಾಗವಿಲ್ಲ. ಅರ್ಧ ಹತ್ತುವಷ್ಟರಲ್ಲಿ ಪಿಕಪ್ ಹೋಯಿತು. ಸೆಕೆಂಡಿನಲ್ಲಿ ಎಳೆಯುತ್ತಿದ್ದ ಗಾಡಿ ಫಸ್ಟಿಗೆ ಬಂತು. ಮಿಸ್ಸಿಂಗ್ ಹೊಡೆಯಲು ಶುರುವಾಯಿತು. ತಿರುವಿನಲ್ಲಿ ಗಂಡಸರೆಲ್ಲ ಇಳಿದು ನಡೆದೆವು. ಹೇಗೋ ಆಗುಂಬೆ ಮುಟ್ಟಿ, ಅಲ್ಲಿಂದ ಮೂರು ಸಿಲಿಂಡರಿನಲ್ಲಿ ಕುಂಟುತ್ತಾ ತೀರ್ಥಹಳ್ಳಿಗೆ ಬಂದು ಹಳೇ ಮೇಸ್ತ್ರಿಯ ಶೆಡ್ಡಿನ ಮುಂದೆ ನಿಲ್ಲಿಸಿದ್ದಾಯಿತು.

ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಎಂಜಿನ್ ಆಫ್ ಮಾಡಬೇಡಿ ಅಂದರು. ಹಳೇ ಪೇಪರಿನಿಂದ ಅಂಗೈಯಗಲದ ಒಂದು ತುಂಡು ಹರಿದರು. "ಬಾ ತಮ್ಮಾ ಇಲ್ಲಿ" ಅಂತ ನನ್ನನ್ನು ಗಾಡಿಯ ಹಿಂದೆ ಕರೆದು, ಆ ತುಂಡನ್ನು ಸೈಲೆನ್ಸರ್ ಬಾಯಿಯ ಹತ್ತಿರ ಇಳಿಬಿಟ್ಟು ಹಿಡಿದರು. ಹೊಗೆ ಪೇಪರನ್ನು ಹೊರಗೆ ತಳ್ಳುತ್ತಿತ್ತು. ಪಟ ಪಟ ಪಟ ಅಂತ ಬಡಿಯುತ್ತಿದ್ದ ಪೇಪರು ಆಗಾಗ ಇದ್ದಕ್ಕಿದ್ದಂತೆ ಒಳಗೆ ಸೆಳೆದು ಪೈಪಿನ ಬಾಯಿಗೆ ಅಂಟುತ್ತಿತ್ತು. ಮತ್ತೆ ಬಿಡುತ್ತಿತ್ತು. ಮತ್ತೆ ಅಂಟುತ್ತಿತ್ತು. "ಹೊಗೆ ಹೊರಗೆ ಬರೋ ಜಾಗದಲ್ಲಿ ಗಾಳಿ ಒಳಗೆ ಎಳೀತಾ ಇದೆ, ಕಂಡ್ಯಾ? ಎಕ್ಸಾಸ್ಟ್ ವಾಲ್ವ್ ಕೂರ್ತಿಲ್ಲ. ಪಿಸ್ಟನ್ ಕೆಳಗೆ ಇಳೀವಾಗ ಅದೇ ಸಂದಿಯಿಂದ ಎಳ್ಕೊಳ್ತಾ ಇದೆ" ಅಂದರು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಗೌಡ್ರೇ, ಇದಕ್ಕೆ ಟ್ಯಾಪೆಟ್ ಟೈಟ್ ಮಾಡಿಸಿದ್ರಾ?" ಅಂತ ಕೇಳಿದರು. ಚಿಕ್ಕಪ್ಪ ಹೂಂ ಅಂದರು. ಮೇಸ್ತ್ರಿ ಯಾರನ್ನೂ ಬೈಯಲಿಲ್ಲ. ಹೆಡ್ ಬಿಚ್ಚಬೇಕು, ನಾಳೆ ಬನ್ನಿ ಅಂದರು.

ಮಾರನೇ ದಿನ ಆ ವಾಲ್ವನ್ನು ಕೈಯಲ್ಲಿ ಹಿಡಿದು ನೋಡಿದೆ. ತಲೆಯ ಅಂಚು ಒಂದು ಕಡೆ ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿಯೇ ಇತ್ತು. ಆ ಒಂದು ಕಡೆ ಕಿರುಬೆರಳಿನ ಉಗುರಿನಷ್ಟು ಲೋಹ ಸುಟ್ಟು ಹೋಗಿತ್ತು. ಬೆಂಕಿ ಹಾದ ಜಾಗ ಬೂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿತ್ತು. ಮುಟ್ಟಿದರೆ ಬೆರಳಿಗೆ ಚುಚ್ಚುತ್ತಿತ್ತು. ಹೊಸ ವಾಲ್ವ್ ತಂದು, ಸೀಟ್ ಕಟ್ ಮಾಡಿಸಿ, ಗ್ರೈಂಡಿಂಗ್ ಪೇಸ್ಟ್ ಹಚ್ಚಿ ರಬ್ಬರ್ ಕಪ್ಪಿನ ಕೋಲನ್ನು ಎರಡೂ ಅಂಗೈ ನಡುವೆ ತಿರುಗಿಸುತ್ತಾ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಹೊಂದುವಂತೆ ಉಜ್ಜುವುದು) ಮಾಡಿದ್ದು ನಾನೇ. ಪೇಸ್ಟ್ ಮೊದಲು ಕರಕರ ಅನ್ನುತ್ತದೆ. ಕೆಲಸ ಆಗುತ್ತಾ ಹೋದಂತೆ ಸದ್ದು ನುಣ್ಣಗಾಗುತ್ತದೆ. ಒರೆಸಿ ನೋಡಿದರೆ ಸೀಟಿನ ಸುತ್ತ ಎಲ್ಲೂ ಕಡಿಯದ ಒಂದು ಮಂಕು ಬೂದು ಉಂಗುರ ಕಾಣಬೇಕು. ಆ ಉಂಗುರ ಪೂರ್ತಿ ಆಗುವವರೆಗೆ ಮೇಸ್ತ್ರಿ ಬಿಡಲಿಲ್ಲ.

ಒಂಬತ್ತರ ಲೆಕ್ಕ

ಹೆಡ್ ಕೂರಿಸಿದ ಮೇಲೆ ಟ್ಯಾಪೆಟ್ ಸೆಟ್ಟಿಂಗ್. ಅದನ್ನು ಅವರು ಹೇಳಿಕೊಟ್ಟ ರೀತಿಯಲ್ಲೇ ನಾನು ಇವತ್ತಿಗೂ ಮಾಡುವುದು. ನಾಲ್ಕೂ ಪ್ಲಗ್ ಬಿಚ್ಚಿದರು. ಗೇರ್ ನ್ಯೂಟ್ರಲಿಗೆ ಹಾಕಿ, ಮುಂದಿನ ಬಂಪರಿನ ತೂತಿನಿಂದ ಎಂಜಿನ್ ತಿರುಗಿಸುವ ಹ್ಯಾಂಡಲ್ ತೂರಿಸಿ ನನ್ನ ಕೈಗೆ ಕೊಟ್ಟರು. ಪ್ಲಗ್ ಇಲ್ಲದಿದ್ದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಕವರ್ ಹಿಡಿದಿರುವುದು ಎರಡೇ ನಟ್ಟು. ಬಿಚ್ಚಿ ಎತ್ತಿದರೆ ಎಣ್ಣೆಯಲ್ಲಿ ನೆಂದ ಎಂಟು ರಾಕರ್ ಸಾಲಾಗಿ ಕಾಣುತ್ತವೆ. ರೇಡಿಯೇಟರ್ ಕಡೆಯಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್ಲೆಟ್.

"ಒಂಬತ್ತರ ಲೆಕ್ಕ ನೆನಪಿಟ್ಕೊ" ಅಂದರು ಮೇಸ್ತ್ರಿ. ಒಂದನೇ ವಾಲ್ವ್ ಪೂರ್ತಿ ಕೆಳಗೆ ಒತ್ತಿ ಹೋಗುವವರೆಗೆ ಹ್ಯಾಂಡಲ್ ತಿರುಗಿಸು. ಆಗ ಎಂಟನೆಯದನ್ನು ಸೆಟ್ ಮಾಡು. ಮೂರು ಒತ್ತಿದ್ದರೆ ಆರು. ಐದು ಒತ್ತಿದ್ದರೆ ನಾಲ್ಕು. ಎರಡು ಒತ್ತಿದ್ದರೆ ಏಳು. ಆಮೇಲೆ ಅದೇ ಜೋಡಿಗಳು ತಿರುವುಮುರುವು. ಎಂಟು ಒತ್ತಿದಾಗ ಒಂದು, ಆರಕ್ಕೆ ಮೂರು, ನಾಲ್ಕಕ್ಕೆ ಐದು, ಏಳಕ್ಕೆ ಎರಡು. ಯಾವ ಜೋಡಿ ಕೂಡಿದರೂ ಒಂಬತ್ತೇ. ನನಗೆ ಅದು ಮಂತ್ರದ ಥರ ಕೇಳಿಸಿತ್ತು. ಮನೆಗೆ ಬಂದು ಕಾಗದದ ಮೇಲೆ ಚಿತ್ರ ಬರೆದು ನೋಡಿದ ಮೇಲೆ ಖುಷಿಯಾಯಿತು. ಈ ಎಂಜಿನ್ನಿನಲ್ಲಿ 1 ಮತ್ತು 4ನೇ ಪಿಸ್ಟನ್ ಒಟ್ಟಿಗೇ ಮೇಲೆ ಕೆಳಗೆ ಹೋಗುತ್ತವೆ. 2 ಮತ್ತು 3 ಕೂಡ ಹಾಗೇ. ಆದರೆ ಜೋಡಿಯಲ್ಲಿ ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಒಂದು ಪೂರ್ತಿ ಸುತ್ತಿನ ಅಂತರ. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಹಾಗಾಗಿ ಒಂದನೇ ಸಿಲಿಂಡರಿನ ಎಕ್ಸಾಸ್ಟ್ ಪೂರ್ತಿ ತೆರೆದಾಗ ನಾಲ್ಕನೇ ಸಿಲಿಂಡರಿನ ಎಕ್ಸಾಸ್ಟಿನ ಕ್ಯಾಮ್ ಸರಿಯಾಗಿ ಬೆನ್ನು ಹಾಕಿ ನಿಂತಿರುತ್ತದೆ. ಅಳೆಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ವಾಲ್ವ್‌ಗಳ ಸಾಲು ಎರಡೂ ಕಡೆಯಿಂದ ಒಂದೇ ಥರ ಇರುವುದರಿಂದ ಕೂಡಿದರೆ ಒಂಬತ್ತು ಬರುತ್ತದೆ. ಟೈಮಿಂಗ್ ಮಾರ್ಕ್ ಹುಡುಕಬೇಕಾಗಿಲ್ಲ, ಡಿಗ್ರಿ ಲೆಕ್ಕ ಬೇಕಾಗಿಲ್ಲ. ಕಣ್ಣಿಗೆ ಕಂಡರೆ ಸಾಕು.

ಇನ್ನು ಕೈಯ ಕೆಲಸ. ರಿಂಗ್ ಸ್ಪ್ಯಾನರಿನಿಂದ, ಸ್ಕ್ರೂ ಅಲುಗದಂತೆ ಹಿಡಿದಿರುವ ಚೆಕ್ ನಟ್ ಸಡಿಲ ಮಾಡಿ, ಸ್ಕ್ರೂ ಡ್ರೈವರಿನಲ್ಲಿ ಅಡ್ಜಸ್ಟಿಂಗ್ ಸ್ಕ್ರೂ ತಿರುಗಿಸುತ್ತಾ, 15ರ ಬ್ಲೇಡನ್ನು ನಡುವೆ ಆಡಿಸಬೇಕು. ದಪ್ಪ ಪುಸ್ತಕದ ಮಧ್ಯೆ ಇಟ್ಟ ಕಾಗದವನ್ನು ಎಳೆದ ಹಾಗೆ ಬರಬೇಕು ಅಂದರು ಮೇಸ್ತ್ರಿ. ಹಿಡಿಯಬೇಕು, ಆದರೆ ಬರಬೇಕು. ಕಷ್ಟ ಇರುವುದು ಆಮೇಲೆ. ಚೆಕ್ ನಟ್ ಬಿಗಿ ಮಾಡುವಾಗ ಅದರ ಜೊತೆ ಸ್ಕ್ರೂ ಕೂಡ ಒಂದು ಎಳೆ ತಿರುಗಿಬಿಡುತ್ತದೆ. ಸೆಟ್ ಮಾಡಿದ್ದು 15, ಬಿಗಿ ಮಾಡಿದ ಮೇಲೆ 12. ಅದಕ್ಕೇ ಸ್ಕ್ರೂ ಡ್ರೈವರನ್ನು ಒತ್ತಿ ಹಿಡಿದುಕೊಂಡೇ ನಟ್ ಬಿಗಿಯಬೇಕು, ಬಿಗಿದ ಮೇಲೆ ಇನ್ನೊಮ್ಮೆ ಬ್ಲೇಡ್ ಹಾಕಿ ನೋಡಬೇಕು. ಅವಸರದ ಗ್ಯಾರೇಜಿನಲ್ಲಿ ಈ ಕೊನೆಯ ಸಲದ ನೋಟವೇ ಬಿಟ್ಟುಹೋಗುವುದು. ಬ್ಲೇಡಿನ ಹಿಡಿತ ಕೈಗೆ ಇನ್ನೂ ಕೂತಿಲ್ಲದವರಿಗೆ ಒಂದು ದಾರಿಯಿದೆ. 14ರ ಬ್ಲೇಡ್ ಸಲೀಸಾಗಿ ಹೋಗಬೇಕು, 16ರದ್ದು ಹೋಗಬಾರದು. ಎರಡೂ ಸರಿಯಿದ್ದರೆ ನೀವು 15ರಲ್ಲಿದ್ದೀರಿ.

ಎಂಜಿನ್ ಬಿಸಿಯಿದ್ದಾಗ ಮಾಡಬೇಕಾ, ತಣ್ಣಗಿದ್ದಾಗ ಮಾಡಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಯಾವುದಕ್ಕೆ ಎಷ್ಟು ಹೇಳಿದೆಯೋ ಅದನ್ನೇ ಹಿಡಿಯಿರಿ. ಬ್ಲಾಕು, ಹೆಡ್ಡು ಎರಡೂ ಬೀಡು ಕಬ್ಬಿಣವಾದ್ದರಿಂದ ಇದರಲ್ಲಿ ವ್ಯತ್ಯಾಸ ಬಹಳ ದೊಡ್ಡದಲ್ಲ. ಬುಲೆಟ್ ಇಟ್ಟುಕೊಂಡವರು "ನಮ್ಮದರಲ್ಲಿ ಜಾಗವೇ ಬಿಡಲ್ಲವಲ್ಲ" ಅನ್ನಬಹುದು. ನಿಜ. ಹಳೇ ಕಾಸ್ಟ್ ಐರನ್ ಬುಲೆಟ್ಟಿನಲ್ಲಿ ತಣ್ಣಗಿರುವಾಗ ಪುಶ್ ರಾಡ್ ಎರಡು ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಲ್ಲಿ ಎಂಜಿನ್ ಕಾದಂತೆ ಜಾಗ ತಾನಾಗಿ ಹುಟ್ಟಿಕೊಳ್ಳುತ್ತದೆ. ಅದನ್ನು ನೋಡಿ ಅಂಬಾಸಿಡರಿಗೆ ಹಾಗೇ ಮಾಡಿದರೆ ವಾಲ್ವ್ ಸುಡುತ್ತದೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಯಾಕೆಂದರೆ ಎಷ್ಟೋ ಜನ ಒಳ್ಳೆಯ ಮನಸ್ಸಿನಿಂದಲೇ ಟೈಟ್ ಮಾಡಿಬಿಡುವುದು ಇದರಿಂದ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಗಾಡಿಯ ರಾಕರ್ ಮೂತಿಯಲ್ಲಿ ವಾಲ್ವ್ ಕಾಂಡ ಬಡಿದು ಬಡಿದು ಒಂದು ಗುಳಿ ಬಿದ್ದಿರುತ್ತದೆ. ಫೀಲರ್ ಗೇಜಿನ ಬ್ಲೇಡು ಚಪ್ಪಟೆ. ಅದು ಗುಳಿಯ ಒಳಗೆ ಇಳಿಯುವುದಿಲ್ಲ, ಎರಡು ದಡದ ಮೇಲೆ ಕೂರುತ್ತದೆ. ಬ್ಲೇಡು 15 ಅಂದರೂ ನಿಜವಾದ ಜಾಗ 20 ಇರಬಹುದು. ಸೆಟ್ಟಿಂಗ್ ಮುಗಿಸಿ ಸ್ಟಾರ್ಟ್ ಮಾಡಿದರೆ ಸದ್ದು ಹಾಗೇ ಇರುತ್ತದೆ. ಗಿರಾಕಿ ಮುಖ ಸಿಂಡರಿಸುತ್ತಾರೆ. ಮೆಕ್ಯಾನಿಕ್ ಆ ಒಂದನ್ನು ಸದ್ದು ನಿಲ್ಲುವವರೆಗೆ ಕಿವಿಯ ಅಂದಾಜಿನಲ್ಲಿ ಬಿಗಿಯುತ್ತಾನೆ. ಗುಳಿ ಬಿದ್ದ ಮೂತಿಯನ್ನು ಅದೇ ಆಕಾರಕ್ಕೆ ಗ್ರೈಂಡ್ ಮಾಡಿಸಬೇಕು, ಇಲ್ಲವೇ ರಾಕರನ್ನೇ ಬದಲಾಯಿಸಬೇಕು. ಬೇರೆ ದಾರಿಯಿಲ್ಲ. ಡಯಲ್ ಗೇಜ್ ಇದ್ದವರು ಅದರಲ್ಲಿ ಅಳೆದರೆ ಗುಳಿಯೂ ಲೆಕ್ಕಕ್ಕೆ ಬರುತ್ತದೆ. ಗುಳಿ ಕಾಣಲು ಗಾಡಿ ಬಿಚ್ಚಬೇಕಾಗಿಲ್ಲ. ಜಾಗ ಇರುವಾಗ ರಾಕರಿನ ಮೂತಿಯ ಕೆಳಗೆ ಉಗುರು ಆಡಿಸಿದರೆ ದಡ ಸಿಗುತ್ತದೆ.

ಸೀಸ ಹೋದ ಮೇಲೆ

ಚಿಕ್ಕಪ್ಪನ ಗಾಡಿ ಈಗ ನನ್ನ ಹತ್ತಿರ ಇದೆ. ಅದು ಸುಟ್ಟುಕೊಂಡ ಕಾಲದಲ್ಲಿ ನಮ್ಮ ಪೆಟ್ರೋಲಿನಲ್ಲಿ ಸೀಸ ಇತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂತು. ಬರಲೇಬೇಕಿತ್ತು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿಯ ಮುಂದೆ ನಮ್ಮ ವಾಲ್ವ್ ಸೀಟು ಯಾವ ಲೆಕ್ಕ. ಆದರೆ ಹಳೇ ಎಂಜಿನ್ನಿಗೆ ಅದರಿಂದ ಒಂದು ಹೊಸ ಕಷ್ಟ ಶುರುವಾಯಿತು. ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಸೀಟ್ ಅಂತ ಬೇರೆ ರಿಂಗ್ ಹಾಕಿಲ್ಲ. ಹೆಡ್ಡಿನ ಬೀಡು ಕಬ್ಬಿಣದಲ್ಲೇ ಕಡೆದಿದ್ದಾರೆ. ಸೀಸದ ತೆಳು ಪದರ ಆ ಸೀಟನ್ನು ಕಾಯುತ್ತಿತ್ತು. ಅದು ಇಲ್ಲದಾಗ ಕಾದ ವಾಲ್ವ್ ಸೀಟಿಗೆ ಕಚ್ಚಿ, ಬಿಡುವಾಗ ಕಣಕಣ ಕಬ್ಬಿಣ ಕಿತ್ತುಕೊಂಡು ಬರುತ್ತದೆ. ಸೀಟ್ ನಿಧಾನಕ್ಕೆ ತಗ್ಗುತ್ತದೆ. ಸೀಟ್ ತಗ್ಗಿದರೆ ವಾಲ್ವ್ ಮೇಲಕ್ಕೆ ಏರುತ್ತದೆ, ಕಾಂಡದ ತುದಿ ರಾಕರಿಗೆ ಹತ್ತಿರವಾಗುತ್ತದೆ. ಅಂದರೆ ಯಾರೂ ಸ್ಪ್ಯಾನರ್ ಮುಟ್ಟದಿದ್ದರೂ 15 ಇದ್ದದ್ದು 13 ಆಗುತ್ತದೆ, 11 ಆಗುತ್ತದೆ. ಗಾಡಿ ಬರಬರುತ್ತಾ ಸೈಲೆಂಟ್ ಆಗುತ್ತದೆ. "ಓಡ್ತಾ ಓಡ್ತಾ ಸೆಟ್ ಆಯ್ತು" ಅಂತ ಮಾಲೀಕರು ಸಂತೋಷಪಡುತ್ತಾರೆ. ನನಗೆ ಹೆದರಿಕೆಯಾಗುವುದು ಇಂಥ ಗಾಡಿ ಕಂಡಾಗಲೇ.

ಹಾಗಂತ ಎಲ್ಲರೂ ನಾಳೆಯೇ ಹೆಡ್ ಬಿಚ್ಚಿ ಗಟ್ಟಿ ಸೀಟ್ ರಿಂಗ್ ಹಾಕಿಸಿ ಅಂತ ನಾನು ಹೇಳುವುದಿಲ್ಲ. ಭಾನುವಾರ ಊರೊಳಗೆ ನಿಧಾನಕ್ಕೆ ಓಡುವ ಗಾಡಿಯಲ್ಲಿ ಈ ಸವೆತ ಬಹಳ ಕಮ್ಮಿ. ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ, ಲೋಡ್ ಹಾಕಿ ಘಾಟಿ ಹತ್ತಿಸುವವರಿಗೆ ಜಾಸ್ತಿ. ನಿಮ್ಮ ಗಾಡಿ ಯಾವ ಗುಂಪು ಅಂತ ತಿಳಿಯಲು ಒಂದು ನೋಟ್‌ಬುಕ್ ಸಾಕು. ಟ್ಯಾಪೆಟ್ ಕವರ್ ಬಿಚ್ಚಿದಾಗ ನೇರ ಸೆಟ್ಟಿಂಗಿಗೆ ಕೈ ಹಾಕಬೇಡಿ. ಮೊದಲು ಎಂಟೂ ಎಷ್ಟಿವೆ ಅಂತ ಅಳೆದು ಬರೆದುಕೊಳ್ಳಿ. ಆಮೇಲೆ ಸರಿಮಾಡಿ. ಮುಂದಿನ ಸಲ ಮತ್ತೆ ಅಳೆದು ಪಕ್ಕದಲ್ಲಿ ಬರೆಯಿರಿ. ಇನ್ಲೆಟ್ ನಾಲ್ಕೂ ಇದ್ದಲ್ಲೇ ಇದ್ದು ಎಕ್ಸಾಸ್ಟ್ ಮಾತ್ರ ಪ್ರತಿ ಸಲ ಕಮ್ಮಿ ಬರುತ್ತಿದ್ದರೆ ಸೀಟ್ ತಗ್ಗುತ್ತಿದೆ ಅಂತಲೇ ಅರ್ಥ. ಅದರಲ್ಲೂ 4 ಮತ್ತು 5ರ ಮೇಲೆ ಕಣ್ಣಿಡಿ. ಅವೆರಡೂ ಅಕ್ಕಪಕ್ಕದಲ್ಲಿದ್ದು ಒಂದೇ ಪೋರ್ಟಿಗೆ ಹೊಗೆ ಬಿಡುತ್ತವೆ. ಅಲ್ಲಿ ಬಿಸಿ ಜಾಸ್ತಿ. ಇಷ್ಟು ಮಾಹಿತಿಯನ್ನು ನಿಮ್ಮ ಎಂಜಿನ್ ಪ್ರತಿ ಸಲವೂ ಕೊಡುತ್ತಿರುತ್ತದೆ, ಅಳೆಯದೆ ಸ್ಕ್ರೂ ತಿರುಗಿಸಿದರೆ ಅದು ಅಲ್ಲೇ ಅಳಿಸಿಹೋಗುತ್ತದೆ.

ಸಡಿಲ ಇದ್ದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಜಾಗ ಜಾಸ್ತಿಯಾದರೆ ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಪೂರ್ತಿ ತೆರೆಯುವುದೂ ಇಲ್ಲ. ಪಿಕಪ್ ಕಮ್ಮಿಯಾಗುತ್ತದೆ, ರಾಕರೂ ಕ್ಯಾಮೂ ಬಡಿಸಿಕೊಂಡು ಸವೆಯುತ್ತವೆ. ಆದರೆ ಆ ತಪ್ಪು ಕೂಗಿ ಹೇಳುತ್ತದೆ. ಉದ್ದ ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ತುದಿಯನ್ನು ಕವರಿನ ಮೇಲೆ ಅಲ್ಲಲ್ಲಿ ಇಟ್ಟರೆ ಯಾವುದು ಅಂತಲೂ ಗೊತ್ತಾಗುತ್ತದೆ. ಟ್ಯಾಪೆಟ್ ಸದ್ದು ಕ್ಯಾಮಿನ ಲೆಕ್ಕದಲ್ಲಿ ಬರುವುದರಿಂದ ಎಂಜಿನ್ ವೇಗದ ಅರ್ಧಕ್ಕೆ ಬಡಿಯುತ್ತದೆ. ತೆಳುವಾಗಿ, ಒಂದೇ ಸಮ. ಲೋಡ್ ಬಿದ್ದಾಗ ಕೆಳಗಿನಿಂದ ಬರುವ ಭಾರವಾದ ಗುದ್ದು ಬೇರೆ, ಅದಕ್ಕೆ ಟ್ಯಾಪೆಟ್ ಮುಟ್ಟಿ ಪ್ರಯೋಜನವಿಲ್ಲ.

ಮೆಕ್ಯಾನಿಕ್ಕುಗಳ ಮೇಲೆ ನನಗೆ ಸಿಟ್ಟಿಲ್ಲ. ಸದ್ದು ತೆಗೆಯಿರಿ ಅಂತ ದುಡ್ಡು ಕೊಡುವವರು ನಾವು. 15 ಥೌ ಇಟ್ಟು ಟಿಕ್ ಟಿಕ್ ಅನ್ನುವ ಗಾಡಿ ವಾಪಸ್ ಕೊಟ್ಟರೆ ಕೆಲಸ ಬರಲ್ಲ ಅನ್ನುವವರೂ ನಾವೇ. ಈಗಿನ ಹುಡುಗರು ಕಲಿತದ್ದು ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನುಗಳ ಮೇಲೆ. ಅಲ್ಲಿ ಎಣ್ಣೆಯ ಒತ್ತಡವೇ ಜಾಗ ತುಂಬಿಕೊಳ್ಳುತ್ತದೆ, ಸದ್ದು ಬಂದರೆ ನಿಜವಾಗಿಯೂ ಕೆಟ್ಟಿದೆ ಅಂತಲೇ ಅರ್ಥ. ಅದೇ ಕಿವಿಯಲ್ಲಿ ಅವರು ನಮ್ಮ ಗಾಡಿಯನ್ನೂ ಕೇಳುತ್ತಾರೆ. ಹಾಗಾಗಿ ಗಾಡಿ ಬಿಡುವಾಗ "ಸದ್ದು ತೆಗೀರಿ" ಅನ್ನುವ ಬದಲು "15 ಥೌ ಇಡಿ, ಸದ್ದು ಬಂದರೆ ಬರಲಿ, ಮೊದಲು ಎಷ್ಟಿತ್ತು ಅಂತ ಬರೆದುಕೊಡಿ" ಅನ್ನಿ. ಹೆಡ್ ನಟ್ ಬಿಗಿಸಿದ್ದರೆ ಆಮೇಲೆ ಟ್ಯಾಪೆಟ್ ನೋಡಲು ಮರೆಯದಿರಲು ಹೇಳಿ. ರಾಕರ್ ಶಾಫ್ಟಿನ ಕಂಬಗಳನ್ನು ಹಿಡಿದಿರುವುದರಲ್ಲಿ ಹೆಡ್ಡಿನ ಸ್ಟಡ್ಡುಗಳೂ ಇವೆ. ಅವು ಬಿಗಿಯಾದರೆ ಜಾಗ ಬದಲಾಗುತ್ತದೆ.

ನನ್ನ ನೋಟ್‌ಬುಕ್ಕಿನಲ್ಲಿ ಈ ಸಲ 4 ಮತ್ತು 5 ಎರಡೂ 12ಕ್ಕೆ ಬಂದಿವೆ. 1 ಮತ್ತು 8 ಹದಿನಾಲ್ಕರಲ್ಲಿವೆ. ಇನ್ಲೆಟ್ ನಾಲ್ಕೂ ಅಲುಗಿಲ್ಲ. ಎಂಟನ್ನೂ 15ಕ್ಕೆ ತಂದಿಟ್ಟಿದ್ದೇನೆ, ಊರೊಳಗಿನ ಓಡಾಟಕ್ಕೆ ತೊಂದರೆಯಿಲ್ಲ. ಘಾಟಿಗೆ ಮಾತ್ರ ಇಳಿಸುತ್ತಿಲ್ಲ. ಅಡಿಕೆ ಕೊಯ್ಲು ಮುಗಿದ ಮೇಲೆ ಹೆಡ್ ಬಿಚ್ಚಿ ಶಿವಮೊಗ್ಗಕ್ಕೆ ಒಯ್ದು ನಾಲ್ಕೂ ಎಕ್ಸಾಸ್ಟಿಗೆ ಸೀಟ್ ರಿಂಗ್ ಹಾಕಿಸುವುದು ಅಂತ ತೀರ್ಮಾನ ಮಾಡಿದ್ದೇನೆ. ರಿಂಗ್ ಕೂರಿಸಿದ ಮೇಲೆ ಲ್ಯಾಪಿಂಗನ್ನು ಅಲ್ಲಿ ಮಾಡಿಸುವುದಿಲ್ಲ. ಅದನ್ನು ಮನೆಗೆ ತಂದು ನಾನೇ ಮಾಡುತ್ತೇನೆ.